ಜಾಮ್ ಆದ ಬೋಲ್ಟ್, ಸುಮ್ನೆ ತಿರುಗೋ ಬೋಲ್ಟ್: ಹಳೇ ಚೆವ್ರೊಲೆ ಬಾಗಿಲಿನ ಜೊತೆ ಒಂದು ಬೇಸಿಗೆ

ನನ್ನ ಹತ್ತಿರ 1971ರ ಚೆವ್ರೊಲೆ ಸಿ-10 ಪಿಕಪ್ ಇದೆ. ನಾವಿರೋದು ಮಿಷಿಗನ್‌ನಲ್ಲಿ. ಇಲ್ಲಿ ಚಳಿಗಾಲ ಬಂದರೆ ಮಂಜು ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಐವತ್ತು ವರ್ಷ ಆ ಉಪ್ಪುನೀರು ಕುಡಿದ ಗಾಡಿ ಇದು. ಡ್ರೈವರ್ ಕಡೆ ಬಾಗಿಲು ಜೋತುಬಿದ್ದಿತ್ತು. ಮುಚ್ಚಬೇಕಾದರೆ ಮೊಣಕೈ ಕೊಟ್ಟು ಎತ್ತಿ ತಳ್ಳಬೇಕಿತ್ತು. ಬಾಗಿಲು ತಿರುಗೋ ಕೀಲು, ಅಂದರೆ ಹಿಂಜ್, ಬಿಚ್ಚದೆ ಗತಿ ಇರಲಿಲ್ಲ.

ಹಿಂಜ್ ಬೋಲ್ಟ್‌ಗಳು ಬಾಗಿಲನ್ನು ಹೊರೋ ಕ್ಯಾಬಿನ್ ಕಂಬದ ಒಳಗಿರೋ ದಪ್ಪ ಕಬ್ಬಿಣದ ಪ್ಲೇಟಿಗೆ ಹೋಗಿ ಕೂರುತ್ತವೆ. ಥ್ರೆಡ್ ಇರೋದು ಆ ಪ್ಲೇಟಿನಲ್ಲಿ. ಪ್ಲೇಟನ್ನು ಹಿಡಿದುಕೊಂಡಿರೋದು ತೆಳು ತಗಡಿನ ಒಂದು ಗೂಡು. ಬಾಗಿಲು ಹೊಂದಿಸೋಕೆ ಆಚೀಚೆ ಸರಿಯಲಿ ಅಂತ ಪ್ಲೇಟನ್ನು ಬೇಕಂತಲೇ ಸಡಿಲ ಬಿಟ್ಟಿರುತ್ತಾರೆ. ಜಾಮ್ ಆದ ಬೋಲ್ಟಿಗೆ ಜಾಸ್ತಿ ಬಲ ಹಾಕಿದರೆ ಗೂಡು ಕಿತ್ತುಹೋಗುತ್ತೆ. ಆಮೇಲೆ ಬೋಲ್ಟಿನ ಜೊತೆ ಪ್ಲೇಟೂ ತಿರುಗುತ್ತೆ. ಒಂದು ಕಾಯಿಲೆಗೆ ಕೊಟ್ಟ ಔಷಧಿಯೇ ಇನ್ನೊಂದು ಕಾಯಿಲೆ.

ಮೊದಲು ಇಂಪ್ಯಾಕ್ಟ್ ಗನ್ (ಬಡಿದು ಬಡಿದು ಬೋಲ್ಟ್ ತಿರುಗಿಸೋ ಯಂತ್ರ) ಹಿಡಿದೆ. ಬೇಗ ಮುಗಿಸೋ ಆಸೆ, ಅಷ್ಟೇ. ಮೂರು ಸೆಕೆಂಡಿಗೆ ಒಂದು ಬೋಲ್ಟಿನ ತಲೆ ಕತ್ತರಿಸಿ ಕಾಲ ಹತ್ತಿರ ಬಿತ್ತು. ಇನ್ನೊಂದು ಕಡೆ ಒಳಗೆ 'ಪಟ್' ಅಂತ ಸದ್ದು. ಅದೇ ಗೂಡು.

ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟಿರೋ ಮಾವನಿಗೆ ಫೋನ್ ಮಾಡಿದೆ. "ಮೊದ್ಲು ಒಂಚೂರು ಬಿಗಿ ಮಾಡಲೇ, ಆಮ್ಯಾಲೆ ಬಿಚ್ಚು. ನಿನಗ್ಯಾಕೆ ಅಷ್ಟು ಅವಸರ?" ಅಂದರು. ಸರಿ ಮಾವ, ಅಂದೆ. ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಆಡಿಸಿದರೆ ತುಕ್ಕು ಪುಡಿಯಾಗುತ್ತೆ. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಅದು ಕೈಗೇ ಗೊತ್ತಾಗುತ್ತೆ. ಗನ್ನಿನಲ್ಲಿ ಏನೂ ಗೊತ್ತಾಗಲ್ಲ.

ಆಮೇಲೆ ಎಣ್ಣೆ. ತುಕ್ಕು ಬಿಡಿಸೋ ಸ್ಪ್ರೇ ಒಂದು, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯಾದ ಎಟಿಎಫ್‌ಗೆ ಸಮಸಮ ಅಸಿಟೋನ್ (ಬೇಗ ಬೆಂಕಿ ಹತ್ತೋ ದ್ರಾವಕ) ಬೆರೆಸಿದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆ ಬೋಲ್ಟಿಗೆ ಮೂರು ದಿನ ಬಿಟ್ಟೆ. ನಿಜ ಹೇಳಬೇಕಂದ್ರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಸಿಟೋನ್ ತಾಗಿದ ಕಡೆ ಬಣ್ಣ ಎದ್ದು ಬಂತು, ಅದೊಂದು ನಷ್ಟ. ಯಾವ ಎಣ್ಣೆ ಅನ್ನೋದಕ್ಕಿಂತ ಎಲ್ಲಿಗೆ ಬಿಡ್ತೀವಿ ಅನ್ನೋದೇ ಮುಖ್ಯ. ತುಕ್ಕು ಜಾಸ್ತಿ ಇರೋದು ಪ್ಲೇಟಿನಿಂದ ಆಚೆ ಚಾಚಿಕೊಂಡ ಬೋಲ್ಟಿನ ಬಾಲದಲ್ಲಿ. ಹೊರಗಿನಿಂದ ಎಷ್ಟು ಸುರಿದರೂ ಅಲ್ಲಿಗೆ ಮುಟ್ಟಲ್ಲ. ಕಿಕ್ ಪ್ಯಾನೆಲ್ (ಒಳಗೆ ಪಾದದ ಪಕ್ಕ ಕಂಬ ಮುಚ್ಚೋ ಹಲಗೆ) ಬಿಚ್ಚಿ, ಉದ್ದ ನಳಿಗೆ ತೂರಿಸಿ ಹಿಂದಿನಿಂದ ಬಿಟ್ಟ ಮೇಲೆ ಕೆಳಗಿನ ಹಿಂಜಿನ ಒಂದು ಬೋಲ್ಟ್ ಕಿರ್ರ್ ಅಂತ ಅಲುಗಾಡಿತು.

ನನ್ನ ಮಟ್ಟಿಗೆ ಗೆದ್ದದ್ದು ಬೆಂಕಿ ಮತ್ತು ಮೇಣ. ಆದರೆ ಈ ಮಾಡೆಲಿನಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಕ್ಯಾಬಿನ್ ಒಳಗೆ, ಸೀಟಿನ ಹಿಂದೆ! ಟ್ಯಾಂಕ್ ತೆಗೆದು ದೂರ ಇಡೋವರೆಗೂ ಬೆಂಕಿ ಉಗುಳೋ ಗ್ಯಾಸ್ ಟಾರ್ಚ್ ಮುಟ್ಟಲಿಲ್ಲ. ಅಸಿಟೋನ್ ಹಾಕಿದ ಬೋಲ್ಟಿಗಂತೂ ಬೆಂಕಿ ತೋರಿಸಲೇ ಇಲ್ಲ. ಉಳಿದವನ್ನು ಕೆಂಪಾಗೋಕೆ ಬಿಡದೆ ಚೆನ್ನಾಗಿ ಕಾಯಿಸಿ, ತಲೆಯ ಬುಡಕ್ಕೆ ಮೇಣದಬತ್ತಿ ಒತ್ತಿದೆ. ಮೇಣ ಕರಗಿ ಸಂದಿಯೊಳಗೆ ಹೀರಿಕೊಂಡು ಹೋಗೋದು ಕಣ್ಣಿಗೇ ಕಾಣುತ್ತೆ. ಆರಿದ ಮೇಲೆ ಎರಡು ಬೋಲ್ಟ್ ಬೆಣ್ಣೆ ಥರ ಬಂದವು. ತಲೆ ಹಾರಿದ ಬೋಲ್ಟಿನ ತುಂಡಿಗೆ ನಟ್ ಇಟ್ಟು ವೆಲ್ಡ್ ಮಾಡಿಸಿದೆ. ಆ ಶಾಖಕ್ಕೆ ಅದೂ ಬಿಟ್ಟುಕೊಟ್ಟಿತು.

ಇನ್ನು ತಿರುಗೋ ಬೋಲ್ಟ್. ಸಂದಿಗೆ ಚಪ್ಪಟೆ ಕಂಬಿ ತೂರಿಸಿ ಹಿಂಜನ್ನು ಹೊರಗೆ ಮೀಟುತ್ತಾ ತಿರುಗಿಸಿ ಅಂತಾರೆ. ನನಗೆ ಹಿಂಜ್ ಸೊಟ್ಟಗಾಗಿದ್ದೊಂದೇ ಲಾಭ. ಕೆಲಸ ಆಗಿದ್ದು ಪುಕ್ಕಟೆ ಉಪಾಯದಿಂದ. ಆಗಲೇ ಬಿಚ್ಚಿದ್ದ ಪಕ್ಕದ ಬೋಲ್ಟನ್ನು ವಾಪಸ್ ಹಾಕಿ. ಎರಡು ಕಡೆ ಹಿಡಿದ ಪ್ಲೇಟ್ ತಿರುಗೋಕೆ ಆಗಲ್ಲ. ಥ್ರೆಡ್ ಹಾಳಾಗಿದ್ದರೆ ಆ ತೂತಿಗೆ ಒಂದು ಪಂಚ್ (ಗಟ್ಟಿ ಉಕ್ಕಿನ ಕಡ್ಡಿ) ತೂರಿಸಿದರೂ ನಡೆಯುತ್ತೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಕೊನೆಯ ಬೋಲ್ಟ್ ಬಂದ ತಕ್ಷಣ ಗೂಡಿಲ್ಲದ ಪ್ಲೇಟ್ ಕಂಬದ ತಳಕ್ಕೆ 'ಠಣ್' ಅಂತ ಬಿತ್ತು. ಮ್ಯಾಗ್ನೆಟ್ ಕಡ್ಡಿಯಿಂದ ಮೇಲೆ ತಂದೆ, ಬೋಲ್ಟ್ ತಾಗಿಸಿದಾಗೆಲ್ಲ ಜಾರಿತು. ಕೊನೆಗೆ ಕಂಬದ ಒಳಬದಿಯಲ್ಲಿ, ಕಿಕ್ ಪ್ಯಾನೆಲ್ ಮುಚ್ಚಿಕೊಳ್ಳೋ ಜಾಗದಲ್ಲಿ, ಪ್ಲೇಟನ್ನು ಒಳಗಿನಿಂದಲೇ ಹಿಡಿಯೋಕೆ ಹೋಲ್ ಸಾದಿಂದ (ದುಂಡಗೆ ಕೊರೆಯೋ ಗರಗಸ) 25 ಮಿ.ಮೀ. ತೂತು ಕೊರೆದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಮೇಲಿನ ಹಿಂಜಿನ ಪ್ಲೇಟೂ ಸಡಿಲವಾಗಿತ್ತು. ಅದನ್ನು ಕಂಬಕ್ಕೇ ವೆಲ್ಡ್ ಮಾಡಿಸಿದ್ದೆ. ಗಟ್ಟಿಯೇನೋ ಆಯಿತು, ಬಾಗಿಲು ಮಾತ್ರ 2 ಮಿ.ಮೀ. ಮೇಲೆ ನಿಂತಿತು. ಸರಿಸೋಕೆ ಜಾಗವೇ ಇಲ್ಲ. ಗ್ರೈಂಡರ್ ಹಿಡಿದು ಆ ವೆಲ್ಡ್ ಕೆರೆಯೋಕೆ ಒಂದು ಭಾನುವಾರ ಪೂರ್ತಿ ಹೋಯಿತು. ಕೆಳಗಿನದಕ್ಕೆ ತಗಡಿನ ಎರಡು ಪಟ್ಟಿ ಬಗ್ಗಿಸಿ ಸಡಿಲ ಗೂಡು ಮಾಡಿದೆ, ಆಮೇಲೆ ಮೇಲಿನದಕ್ಕೂ ಹಾಗೇ. ಬಿಚ್ಚೋ ಮುಂಚೆ ಹಿಂಜಿನ ಸುತ್ತ ಮೊಳೆಯಿಂದ ಗೀರು ಎಳೆದಿಟ್ಟಿದ್ದೆ. ಗೀರಿಗೆ ಕೂರಿಸಿ, ಬಾಗಿಲ ಕೆಳಗೆ ಜ್ಯಾಕ್ ಕೊಟ್ಟು, ಹೊಸ ಬೋಲ್ಟಿಗೆ ಮತ್ತೆ ಜಾಮ್ ಆಗದಿರೋ ಹಾಗೆ ಆ್ಯಂಟಿ-ಸೀಜ್ ಪೇಸ್ಟ್ ಬಳಿದು ಬಿಗಿದೆ.

ಬಲಗಡೆ ಬಾಗಿಲು ಇನ್ನೂ ಬಾಕಿ. ಅದಕ್ಕೆ ಈಗಿನಿಂದಲೇ ದಿನಾ ರಾತ್ರಿ, ಹಿಂದಿನಿಂದ, ಎಣ್ಣೆ ಬಿಡ್ತಾ ಇದ್ದೀನಿ.