ಅಜ್ಜಿಯ ಹಾಡು, ಆಟಿಯ ತಾಳಮದ್ದಳೆ, ಅಡಾಸಿಟಿ: ಎಂಟು ವರ್ಷ ಬಳಸಿದವನ ರಿವ್ಯೂ

ಮೊದ್ಲೇ ಹೇಳಿ ಬಿಡ್ತೇನೆ, ನಾನು ಸೌಂಡ್ ಇಂಜಿನಿಯರ್ ಎಲ್ಲ ಅಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಮನೆ, ಒಂದಿಷ್ಟು ಅಡಿಕೆ ತೋಟ, ಅದರೆಡೆಯಲ್ಲಿ ಈ ರೆಕಾರ್ಡಿಂಗ್ ಹುಚ್ಚು. 2017ರಲ್ಲಿ ಅಜ್ಜಿಯ ಹಾಡುಗಳನ್ನ ಹಿಡಿದಿಡ್ಬೇಕು ಅಂತ ಸುರು ಮಾಡಿದ್ದು, ಆಮೇಲೆ ನಮ್ಮ ಕಡೆಯ ತಾಳಮದ್ದಳೆಗಳು (ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ), ಈಗ ಹಾರ್ಡ್‌ಡಿಸ್ಕ್‌ನಲ್ಲಿ ಎಷ್ಟು ಗಂಟೆ ಉಂಟು ಅಂತ ಲೆಕ್ಕ ಹಾಕ್ಲಿಕ್ಕೆ ಹೋಗ್ಲಿಲ್ಲ. ಇಷ್ಟೂ ಮಾಡಿದ್ದು ಅಡಾಸಿಟಿಯಲ್ಲಿ. "ಯಾವ ಸಾಫ್ಟ್‌ವೇರ್ ಮಾರಾಯಾ" ಅಂತ ವಾರಕ್ಕೊಬ್ಬ ಕೇಳ್ತಾನೆ, ಇನ್ನು ಈ ಬರಹದ ಲಿಂಕ್ ಕೊಟ್ರೆ ಮುಗೀತು.

ಗೊತ್ತಿಲ್ಲದವರಿಗೆ: ಅಡಾಸಿಟಿ ಅಂದ್ರೆ ಸ್ವರ ರೆಕಾರ್ಡ್ ಮಾಡಿ ಎಡಿಟ್ ಮಾಡುವ ಸಾಫ್ಟ್‌ವೇರ್, ಫ್ರೀ, ಓಪನ್ ಸೋರ್ಸ್. ಅಮೆರಿಕದ ಕಾರ್ನೆಗಿ ಮೆಲನ್ ಯುನಿವರ್ಸಿಟಿಯಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಅಂತ ಇಬ್ರು ಸುರು ಮಾಡಿದ್ದು, ಜನರ ಕೈಗೆ ಸಿಕ್ಕಿದ್ದು 2000ನೇ ಇಸವಿಯಲ್ಲಿ. 2021ರಲ್ಲಿ ಮ್ಯೂಸ್ ಗ್ರೂಪ್ ಅನ್ನುವ ಕಂಪೆನಿಯವರು ತಕ್ಕೊಂಡ್ರು, ಆಗ ಬಳಕೆಯ ಮಾಹಿತಿ ಕಲೆಕ್ಟ್ ಮಾಡ್ತಾರಂತೆ ಅಂತ ದೊಡ್ಡ ಬೊಬ್ಬೆ ಆಯ್ತು, ಜನ ಬೈದ ಮೇಲೆ ಆ ಪ್ಲಾನ್ ಬಿಟ್ರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಂಟು, ಆಂಡ್ರಾಯ್ಡಿಗೆ ಇಲ್ಲ. ಪ್ಲೇ ಸ್ಟೋರಿನಲ್ಲಿ ಅದೇ ತರದ ಹೆಸರಿಟ್ಟುಕೊಂಡು ಎಂತದಾದ್ರೂ ಕಂಡ್ರೆ ಅದು ಇದಲ್ಲ.

ಈಗ ಎಲ್ಲರೂ ಎಡವುವ ಜಾಗ, ನಾನಂತೂ ಮಕಾಡೆ ಬಿದ್ದದ್ದು. ಅಡಾಸಿಟಿಯ ಆಗಿನ 2 ಸಿರೀಸಿನಲ್ಲಿ ಪ್ರಾಜೆಕ್ಟ್ ಸೇವ್ ಮಾಡಿದ್ರೆ ಎರಡು ವಸ್ತು ಆಗ್ತಿತ್ತು, ಒಂದು ಸಣ್ಣ ಡಾಟ್ ಎಯುಪಿ ಫೈಲು, ಮತ್ತೊಂದು ಹೆಸರಿನ ಕೊನೆಗೆ ಡಾಟಾ ಅಂತ ಇರುವ ಫೋಲ್ಡರು. ಸ್ವರ ಇರುವುದು ಫೋಲ್ಡರಿನಲ್ಲಿ, ಆ ಫೈಲು ಬರೀ ಅಡ್ರೆಸ್ ಚೀಟಿ ಇದ್ದ ಹಾಗೆ. ನನಗೆ ಎಲ್ಲಿ ಗೊತ್ತು. 2018ರಲ್ಲಿ ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡುವ ಮೊದ್ಲು ಪೆನ್‌ಡ್ರೈವಿಗೆ ಆ ಸಣ್ಣ ಫೈಲುಗಳನ್ನ ಮಾತ್ರ ಕಾಪಿ ಮಾಡಿ, ಆಹಾ ಎಷ್ಟು ಕಮ್ಮಿ ಜಾಗ ಅಂತ ಖುಷಿಯಲ್ಲಿ ಅಂಗಡಿಯವನಿಗೆ "ಎಲ್ಲಾ ತೆಗ್ದಾಯ್ತು, ಫಾರ್ಮ್ಯಾಟ್ ಮಾಡಿ" ಅಂದೆ. ವಾಪಸ್ ಬಂದು ತೆರೆದ್ರೆ ಅಜ್ಜಿಯ ಎರಡು ಗಂಟೆಯ ಹಾಡು ಇದ್ದ ಜಾಗದಲ್ಲಿ ಮೌನ, ಒಂದು ಉದ್ದ ಗೆರೆ. ಪುನಃ ಅಂಗಡಿಗೆ ಓಡಿದೆ. ಅವನು ಯಾವುದೋ ರಿಕವರಿ ಪ್ರೋಗ್ರಾಮ್ ಓಡಿಸಿ ನೋಡಿ ಪಾಪದಲ್ಲಿ ಹೇಳಿದ, "ಡಾಟಾ ಎಲ್ಲಾಂ ಪೋಯಿ ಚೇಟ್ಟಾ", ಎಲ್ಲಾ ಹೋಯ್ತು ಅಣ್ಣ ಅಂತ. ಮೂರು ಸಿಟ್ಟಿಂಗಿನಲ್ಲಿ ಒಂದರ ಒರಿಜಿನಲ್ ಮಾತ್ರ ಫೋನಿನಲ್ಲಿ ಉಳಿದಿತ್ತು. ತಪ್ಪು ಪೂರ್ತಿ ನನ್ನದೇ, ಆದ್ರೂ ಈಗಿನವರ ಅದೃಷ್ಟ, 2021ರ 3.0 ವರ್ಷನ್‌ನಿಂದ ಎಲ್ಲ ಒಂದೇ ಡಾಟ್ ಎಯುಪಿ3 ಫೈಲಿನೊಳಗೆ. ಅದನ್ನೊಂದು ಕಾಪಿ ಮಾಡಿದ್ರೆ ಸಾಕು.

ಜಾಗ ಮಾತ್ರ ತಿಂತದೆ. ಇದು ಸ್ವರವನ್ನ ಮಾಮೂಲಿ 44100 ಹರ್ಟ್ಸ್, 32 ಬಿಟ್ ಫ್ಲೋಟ್ ಅನ್ನುವ ಗುಣಮಟ್ಟದಲ್ಲಿ ಇಟ್ಟುಕೊಳ್ಳುವ ಕಾರಣ ಒಂದು ಮೋನೋ (ಒಂದೇ ಚಾನೆಲಿನ) ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600ಕ್ಕಿಂತ ಮೇಲೆ. ನಾಲ್ಕು ಟ್ರ್ಯಾಕ್, ಮೂರು ಗಂಟೆ ತಾಳಮದ್ದಳೆ ಅಂದ್ರೆ ಏಳೂವರೆ ಜಿಬಿ. ಎಡಿಟ್ ಮಾಡ್ತಾ ಹೋದ ಹಾಗೆ ಅನ್‌ಡೂಗೆ ಬೇಕಾದ ಹಳೆಯದೂ ಅದರಲ್ಲೇ ಕೂತು ಫೈಲು ಇನ್ನೂ ಊದ್ತದೆ, ಸೇವ್ ಮಾಡಿ ಕ್ಲೋಸ್ ಮಾಡಿದ್ಮೇಲೆ ಇಳೀತದೆ. ಇಳಿಯಿತು ಅಂದ್ರೆ ಆ ಅನ್‌ಡೂ ಸಹ ಹೋಯ್ತು ಅಂತಲೇ ಅರ್ಥ, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರ್ತದೆ.

ತಾಳಮದ್ದಳೆ ರೆಕಾರ್ಡಿಂಗ್ ಅಂದ್ರೆ ಎಂತ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ರವೇ, ಆಟಿ ತಿಂಗಳು (ಜುಲೈ ಆಗಸ್ಟ್ ಹೊತ್ತು) ಬಂತು ಅಂದ್ರೆ ಒಂದಲ್ಲ ಒಂದು ಕಡೆ ಕೂಟ ಇದ್ದೇ ಇರ್ತದೆ. ಆಟಿ ಅಂದ್ರೆ ಮಳೆ, ಮಳೆ ಅಂದ್ರೆ ಚಾವಡಿಯ ಎದುರಿಗೆ ಹಾಕಿದ ತಗಡಿನ ಶೀಟು, ಅದರ ಮೇಲೆ ಬೀಳುವ ಸದ್ದು ಚೆಂಡೆಯನ್ನೇ ಮುಚ್ಚಿಬಿಡುವಷ್ಟು. ಒಂದೇ ಮೈಕ್ ಇಟ್ರೆ ಚೆಂಡೆ ಒಡೆದು ಹೋಗ್ತದೆ, ಅರ್ಥಧಾರಿಯ (ಪಾತ್ರದ ಮಾತು ಹೇಳುವವರ) ಸ್ವರ ಬಾವಿಯೊಳಗಿಂದ ಬಂದ ಹಾಗೆ. ಹಾಗಾಗಿ ನಾನು ಮಾಡುವುದು ಹೀಗೆ: ಪದ ಹಾಡುವ ಭಾಗವತರ ಹತ್ರ ಒಂದು ರೆಕಾರ್ಡರ್, ಅರ್ಥಧಾರಿಗಳು ಕೂರುವ ಎರಡೂ ಬದಿಯಲ್ಲಿ ಒಂದೊಂದು ಹಳೆ ಫೋನು, ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಮೈಕು. ಚೆಂಡೆಗೆ ಬೇರೆ ಮೈಕ್ ಬೇಡವೇ ಬೇಡ, ಅದು ಕರೆಯದಿದ್ರೂ ಎಲ್ಲಾ ಮೈಕಿಗೂ ಬರ್ತದೆ. ಎಲ್ಲವನ್ನೂ ಒಂದೇ ಲ್ಯಾಪ್‌ಟಾಪಿಗೆ ಯಾಕೆ ಹಾಕ್ಬಾರ್ದು ಅಂತ ಕೇಳ್ಬಹುದು, ನಾನು ಬಳಸುವ 3 ಸಿರೀಸಿನ ವಿಂಡೋಸ್ ಡೌನ್‌ಲೋಡಿನಲ್ಲಿ ಎಎಸ್ಐಒ ಅನ್ನುವ ಆಡಿಯೋ ಡ್ರೈವರಿಗೆ ಸಪೋರ್ಟ್ ಇಲ್ಲ, ಅದು ಲೈಸೆನ್ಸಿನ ತಕರಾರು, ನಾಲ್ಕು ಚಾನೆಲ್ ಒಟ್ಟಿಗೆ ತೆಗೀಲಿಕ್ಕೆ ಅದೃಷ್ಟ ಬೇಕು.

ಮನೆಗೆ ಬಂದು ನಾಲ್ಕನ್ನೂ ಇಂಪೋರ್ಟ್ ಮಾಡಿದ್ರೆ ಒಂದರ ಕೆಳಗೆ ಒಂದು ನಾಲ್ಕು ಟ್ರ್ಯಾಕ್. ಫೋನಿನ ಫೈಲು ಎಂ4ಎ ಆದ್ರೆ ವಿಂಡೋಸಿನಲ್ಲಿ ಎಫ್ಎಫ್ಎಂಪೆಗ್ ಅಂತ ಒಂದು ಲೈಬ್ರರಿ ಬೇರೆ ಹಾಕ್ಬೇಕು, ಇಲ್ಲದಿದ್ರೆ ತೆರೆಯುವುದೇ ಇಲ್ಲ. ಸುರುವಿಗೆ ನಾನು ಎಲ್ಲಾ ಮೈಕ್ ಆನ್ ಮಾಡಿ ಚಾವಡಿಯ ನಡುವೆ ನಿಂತು ಒಂದು ಚಪ್ಪಾಳೆ ಹೊಡಿತೇನೆ (ಜನ ಮೊದಮೊದ್ಲು ಇವನಿಗೆ ಎಂತಾಯ್ತು ಅಂತ ನೋಡ್ತಿದ್ರು), ಆ ಚಪ್ಪಾಳೆ ನಾಲ್ಕು ಟ್ರ್ಯಾಕಿನಲ್ಲೂ ಮುಳ್ಳಿನ ಹಾಗೆ ಎದ್ದು ಕಾಣ್ತದೆ, ಜೂಮ್ ಮಾಡಿ ಮುಳ್ಳಿಗೆ ಮುಳ್ಳು ಕೂಡಿಸಿದ್ರೆ ಆಯ್ತು.

ಆಯ್ತು ಅಂತ ನಾನೂ ಎಣಿಸಿದ್ದೆ. ಮೊದಲ ಸಲ ಹೀಗೆ ಕೂಡಿಸಿ, ಸುರುವಿನ ಹತ್ತು ನಿಮಿಷ ಕೇಳಿ, ಭಾರೀ ಲಾಯ್ಕ ಆಯ್ತು ಅಂತ ಎಂಪಿ3 ಮಾಡಿ ಭಾಗವತರಿಗೆ ಕಳಿಸಿದೆ. ಮರುದಿನ ಫೋನು. "ಸುರುವಿಗೆ ಸರಿ ಉಂಟು, ಆದ್ರೆ ಕೊನೆಗೆ ಚೆಂಡೆ ಒಂದು ಪೆಟ್ಟಿಗೆ ಎರಡೆರಡು ಕೇಳ್ತದಲ್ಲ, ನಮ್ಮವ ಅಷ್ಟು ಸ್ಪೀಡ್ ಇಲ್ಲ ಮಾರಾಯಾ." ಕೂತು ನೋಡಿದ್ರೆ ಹೌದು. ಪ್ರತಿಯೊಂದು ರೆಕಾರ್ಡರಿನ ಒಳಗಿನ ಗಡಿಯಾರಕ್ಕೂ ಚೂರು ಚೂರು ವ್ಯತ್ಯಾಸ, ಹತ್ತು ಲಕ್ಷಕ್ಕೆ 50ರಷ್ಟು ಫರಕು ಇದ್ರೂ ಮೂರು ಗಂಟೆಯಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಆಗ್ತದೆ. ಮಾತಿನಲ್ಲಿ ಗೊತ್ತಾಗ್ಲಿಕ್ಕಿಲ್ಲ, ಚೆಂಡೆ ಬಿಡ್ತದಾ. 3.4ರಿಂದ ಆಲ್ಟ್ ಹಿಡಿದು ಕ್ಲಿಪ್ಪಿನ ತುದಿ ಎಳೆದು ಉದ್ದ ಮಾಡ್ಲಿಕ್ಕೆ ಆಗ್ತದೆ, ಆದ್ರೆ ನಾನು ಹಳೆ ಕ್ರಮವನ್ನೇ ಬಿಟ್ಟಿಲ್ಲ, ಪದ (ಹಾಡು) ಮುಗಿದು ಅರ್ಥ (ಮಾತು) ಸುರುವಾಗುವ ಜಾಗದಲ್ಲೆಲ್ಲ ತುಂಡು ಮಾಡಿ, ಒಂದೊಂದು ತುಂಡನ್ನೂ ಚೂರು ಸರಿಸಿ ಕೂರಿಸುವುದು. ಮೂರು ಗಂಟೆಯ ಕೂಟಕ್ಕೆ ಹದಿನೈದು ಇಪ್ಪತ್ತು ಕಡೆ. ಒಂದು ಸಂಜೆ ಹೋಗ್ತದೆ, ಹೋಗ್ಲಿ.

ಇದೇ ಜಾಗದಲ್ಲಿ ಇನ್ನೊಂದು ಗುಂಡಿ. ಒಂದು ಟ್ರ್ಯಾಕಿನಲ್ಲಿ ಯಾರೋ ಕೆಮ್ಮಿದ್ರು ಅಂತ ಅಷ್ಟನ್ನ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ರೆ ಆ ಟ್ರ್ಯಾಕಿನ ಮುಂದಿನದ್ದೆಲ್ಲ ಎರಡು ಸೆಕೆಂಡ್ ಹಿಂದಕ್ಕೆ ಬರ್ತದೆ, ಉಳಿದ ಮೂರು ಅಲ್ಲೇ ಇರ್ತವೆ, ರಾಮ ಪ್ರಶ್ನೆ ಕೇಳುವ ಮೊದ್ಲೇ ವಾಲಿ ಉತ್ತರ ಕೊಟ್ಟು ಕೂತಿರ್ತಾನೆ. ಡಿಲೀಟ್ ಬದಲು ಕಂಟ್ರೋಲ್ ಎಲ್ ಒತ್ತಿ, ಅಷ್ಟು ಜಾಗ ಮೌನ ಆಗ್ತದೆ, ಉದ್ದ ಬದಲಾಗುವುದಿಲ್ಲ. ಎಲ್ಲದರಿಂದಲೂ ಕತ್ತರಿಸ್ಲಿಕ್ಕೆ ಇದ್ರೆ ಟ್ರ್ಯಾಕುಗಳನ್ನ ಒಟ್ಟಿಗೇ ಸರಿಸುವ ಸಿಂಕ್ ಲಾಕ್ ಆನ್ ಮಾಡಿಕೊಳ್ಳಿ.

ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ತಗ್ಗಿಸುವ ಎಫೆಕ್ಟು) ಬಗ್ಗೆ ಎಲ್ಲರೂ ಹೊಗಳ್ತಾರೆ, ನಾನು ಸ್ವಲ್ಪ ಬೈತೇನೆ. ಫ್ಯಾನು, ಫ್ರಿಜ್ಜು, ಒಂದೇ ಸಮ ಕೂಗುವ ಜೀರುಂಡೆ, ಇಂತದ್ದಕ್ಕೆ ಭಾರೀ ಒಳ್ಳೇದು, ಯಾರೂ ಮಾತಾಡದ ಎರಡು ಮೂರು ಸೆಕೆಂಡ್ ಸೆಲೆಕ್ಟ್ ಮಾಡಿ ಆ ಸದ್ದಿನ ಪ್ರೊಫೈಲ್ (ಮಾದರಿ) ತಕ್ಕೊಂಡು ಇಡೀ ಟ್ರ್ಯಾಕಿಗೆ ಹಾಕುವುದು. ಮಳೆಗೆ ಆಗುವುದಿಲ್ಲ, ಮಳೆ ಒಂದೇ ಸಮ ಇರುವುದಿಲ್ಲವಲ್ಲ, ಬಿಟ್ಟು ಬಿಟ್ಟು ಜೋರಾಗ್ತದೆ. ಜಾಸ್ತಿ ಹಾಕಿದ್ರೆ ಮನುಷ್ಯ ನೀರೊಳಗೆ ಕೂತು ಮಾತಾಡಿದ ಹಾಗೆ ಕೇಳ್ತದೆ, ಚಕ್ರತಾಳದ ಗುಂಯ್ ಅನ್ನುವ ಬಾಲವೇ ಕತ್ತರಿಸಿ ಹೋಗ್ತದೆ. ನಮ್ಮ ಮಾವನ ಒಂದು ಅರ್ಥವನ್ನ ನಾನು ಹೀಗೇ ಕ್ಲೀನ್ ಮಾಡ್ತೇನೆ ಅಂತ 24 ಡಿಬಿ (ಡೆಸಿಬೆಲ್, ಸದ್ದು ಎಷ್ಟು ತಗ್ಗಿಸ್ಬೇಕು ಅನ್ನುವ ಲೆಕ್ಕ) ಹಾಕಿ, ಸೇವ್ ಮಾಡಿ, ಕ್ಲೋಸ್ ಮಾಡಿ, ರೆಕಾರ್ಡರಿನ ಕಾರ್ಡು ಖಾಲಿ ಮಾಡಿ ಕೂತವ. ಅನ್‌ಡೂ ಹೋಯ್ತು ಅಂತ ಮೇಲೆ ಹೇಳಿದ್ದು ಇದಕ್ಕೇ. ಈಗ 6 ಡಿಬಿಗಿಂತ ಮೇಲೆ ಹೋಗುವುದಿಲ್ಲ, ಅದೂ ಟ್ರ್ಯಾಕನ್ನ ಡ್ಯೂಪ್ಲಿಕೇಟ್ ಮಾಡಿ, ಒರಿಜಿನಲನ್ನ ಮ್ಯೂಟ್‌ನಲ್ಲಿಟ್ಟು. 3.2ರಿಂದ ಕೆಲವು ಎಫೆಕ್ಟುಗಳನ್ನ ಟ್ರ್ಯಾಕಿಗೆ ರಿಯಲ್ ಟೈಮಿನಲ್ಲಿ ಹಾಕಿ ಬೇಕಾದಾಗ ತೆಗೀಬಹುದು, ನಾಯ್ಸ್ ರಿಡಕ್ಷನ್ ಆ ಪಟ್ಟಿಯಲ್ಲಿಲ್ಲ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ರೆಕಾರ್ಡ್ ಮಾಡಿದ್ರೆ ಬರುವ ಹಂ ಶಬ್ದಕ್ಕೆ ಒಂದೇ ಹರ್ಟ್ಸಿನ ಸದ್ದನ್ನ ಕತ್ತರಿಸುವ ನಾಚ್ ಫಿಲ್ಟರಿನಲ್ಲಿ 50 ಹರ್ಟ್ಸ್ ಮತ್ತೆ 100, ನಮ್ಮ ಕರೆಂಟು 50 ಹರ್ಟ್ಸಿನದ್ದು. ಅದಕ್ಕಿಂತ ಸುಲಭ, ಚಾರ್ಜರ್ ಎಳೆದು ಬಿಸಾಡಿ ಬ್ಯಾಟರಿಯಲ್ಲಿ ಮಾಡುವುದು. ಹೇಗೂ ಆಟಿಯಲ್ಲಿ ಕರೆಂಟು ಇರುವುದು ಅಷ್ಟರಲ್ಲೇ.

ಇಷ್ಟೆಲ್ಲ ಬೇರೆ ಸಾಫ್ಟ್‌ವೇರ್‌ಗಳೂ ಮಾಡ್ತವೆ, ಕೆಲವು ಇನ್ನೂ ಚಂದ ಮಾಡ್ತವೆ. ರೀಪರ್ ಅಂತ ಉಂಟು, 60 ದಿವಸ ಟ್ರಯಲ್, ವೈಯಕ್ತಿಕ ಬಳಕೆಗೆ 60 ಡಾಲರ್, ಮಲ್ಟಿಟ್ರ್ಯಾಕ್ ಕೆಲಸಕ್ಕೆ ಅದು ಹುಲಿ. ಭಾವ ಅದನ್ನೇ ಬಳಸುವುದು, ನನ್ನನ್ನ ನೋಡಿ ನಗ್ತಾನೆ ಕೂಡ. ನಾನು ಅಡಾಸಿಟಿ ಬಿಡದೆ ಇರುವುದು ಒಂದೇ ಕಾರಣಕ್ಕೆ, ಲೇಬಲ್ ಟ್ರ್ಯಾಕು.

ರೆಕಾರ್ಡ್ ಮಾಡುವುದು ಯಾರಿಗೂ ಆಗ್ತದೆ ಸ್ವಾಮಿ, ಆರು ತಿಂಗಳು ಕಳೆದು ಅಜ್ಜಿ ಆ ನಾಗರಪಂಚಮಿಯ ಕತೆ ಎಲ್ಲಿ ಹೇಳಿದ್ದು ಅಂತ ಹುಡುಕುವುದು ಉಂಟಲ್ಲ, ಅದರಲ್ಲಿ ಹಣೆಬರಹ ಗೊತ್ತಾಗ್ತದೆ. ಅಡಾಸಿಟಿಯಲ್ಲಿ ಕೇಳ್ತಾ ಇರುವಾಗ, ಅಥವಾ ರೆಕಾರ್ಡ್ ಆಗ್ತಾ ಇರುವಾಗಲೇ, ಕಂಟ್ರೋಲ್ ಎಂ ಒತ್ತಿದ್ರೆ ಆ ಜಾಗಕ್ಕೊಂದು ಬಾವುಟ ಬೀಳ್ತದೆ, ಅಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಎಂಟರ್. ಒಂದು ಭಾಗವನ್ನ ಸೆಲೆಕ್ಟ್ ಮಾಡಿ ಕಂಟ್ರೋಲ್ ಬಿ ಒತ್ತಿದ್ರೆ ಸುರು ಕೊನೆ ಎರಡೂ ಇರುವ ಲೇಬಲ್. ಎಲ್ಲ ಆದ್ಮೇಲೆ ಲೇಬಲ್ ಪ್ರಕಾರ ಎಕ್ಸ್‌ಪೋರ್ಟ್ ಅಂತ ಕೊಟ್ರೆ ಒಂದೊಂದು ಹಾಡೂ ಅದರದ್ದೇ ಹೆಸರಿನ ಬೇರೆ ಬೇರೆ ಫೈಲಾಗಿ ಬೀಳ್ತದೆ, ಎರಡು ಗಂಟೆಯ ರೆಕಾರ್ಡಿಂಗಿನಿಂದ 31 ಹಾಡು ಒಂದೇ ಏಟಿಗೆ. ಭಾವನ ಕಾರಿನ ಸ್ಟೀರಿಯೋ ಮಾತ್ರ ಕನ್ನಡ ಹೆಸರನ್ನೆಲ್ಲ ಚೌಕ ಚೌಕ ತೋರಿಸ್ತದೆ, ಅದು ಅವನ ಕರ್ಮ.

ಇನ್ನೊಂದು, ಲೇಬಲ್‌ಗಳನ್ನ ಬೇರೆ ಟೆಕ್ಸ್ಟ್ ಫೈಲಾಗಿ ತೆಗೀಬಹುದು, ಒಂದೊಂದು ಸಾಲಿನಲ್ಲಿ ಸುರುವಾದ ಸೆಕೆಂಡು, ಮುಗಿದ ಸೆಕೆಂಡು, ನೀವು ಬರೆದದ್ದು. ನಾನು ಪ್ರತಿ ರೆಕಾರ್ಡಿಂಗಿನದ್ದೂ ಹೀಗೆ ತೆಗೆದು ಒಂದೇ ಫೋಲ್ಡರಿನಲ್ಲಿ ಹಾಕಿಟ್ಟಿದ್ದೇನೆ, ಫೈಲಿನ ಹೆಸರು ಇಸವಿ, ತಿಂಗಳು, ದಿನ, ಮನೆಯ ಹೆಸರು ಈ ಕ್ರಮದಲ್ಲಿ, ತಾನಾಗಿ ವರ್ಷದ ಪ್ರಕಾರ ಸಾಲಾಗಿ ನಿಲ್ತವೆ. ಯಾವುದಾದ್ರೂ ಪದ ಹುಡುಕಿದ್ರೆ ಎಂಟು ವರ್ಷದ್ದರಲ್ಲಿ ಎಲ್ಲಿದ್ರೂ ಸಿಗ್ತದೆ.

ಅಜ್ಜಿ ಹಾಡುವಾಗ ನಡುವೆ ಎಲೆಯಡಿಕೆ ಗುದ್ದುವುದು ನಿಲ್ಲಿಸ್ತಿರ್ಲಿಲ್ಲ, ಟಕ್ ಟಕ್ ಅಂತ ತಾಳ ಹಾಕಿದ ಹಾಗೆ ಅದೂ ಬರ್ತದೆ, ಒಂದು ಸಾಲು ಸಿಗದಿದ್ರೆ ಟಕ್ ಟಕ್ ನಿಲ್ತದೆ, ಮತ್ತೆ "ಮರದು ಹೋತದಾ ಎನಗೆ, ರಜಾ ನಿಲ್ಲು ಮಗ" (ಮರೆತು ಹೋಯ್ತು ನನಗೆ, ಸ್ವಲ್ಪ ನಿಲ್ಲು) ಅಂತ ಸ್ವರ. ಸುರುವಿಗೆ ಇದನ್ನೆಲ್ಲ ಕತ್ತರಿಸ್ತಿದ್ದೆ, ಆ ಗುದ್ದುವ ಸದ್ದು ತೆಗೀಲಿಕ್ಕೆ ಗಂಟೆಗಟ್ಟಲೆ ಕೂತದ್ದು ನೆನೆಸಿದ್ರೆ ಈಗ ನಾಚಿಕೆ ಆಗ್ತದೆ. 2021ರಲ್ಲಿ ಅಜ್ಜಿ ಹೋದ್ಮೇಲೆ ಒಂದನ್ನೂ ಮುಟ್ಟಲಿಲ್ಲ. ಸಾಲು ಮರೆತ ಜಾಗಕ್ಕೆಲ್ಲ "ಮರದು ಹೋತು" ಅಂತಲೇ ಲೇಬಲ್ ಹಾಕಿದೆ, ಹುಡುಕಿದಾಗ ಹದಿನೇಳು ಸಿಕ್ಕಿತು. ನೀರ್ಚಾಲಿನಲ್ಲಿರುವ ಸೋದರತ್ತೆಗೆ ಫೋನಿನಲ್ಲಿ ಅಷ್ಟನ್ನ ಮಾತ್ರ ಕೇಳಿಸಿದೆ, ಅವರು ಕೇಳ್ತಾ ಕೇಳ್ತಾ ಆರು ಕಡೆ ಮುಂದಿನ ಸಾಲು ಹಾಡಿಯೇ ಬಿಟ್ರು. ಅದನ್ನ ಅಜ್ಜಿಯ ಟ್ರ್ಯಾಕಿನ ಕೆಳಗೆ ಎರಡನೇ ಟ್ರ್ಯಾಕಾಗಿ ಇಟ್ಟಿದ್ದೇನೆ, ಅಜ್ಜಿ ನಿಂತಲ್ಲಿ ಅತ್ತೆ ಸುರು ಮಾಡ್ತಾರೆ, ಬೇಡದಿದ್ರೆ ಮ್ಯೂಟ್ ಒತ್ತಿದ್ರೆ ಆಯ್ತು. ಉಳಿದ ಹನ್ನೊಂದು ಈ ಆದಿತ್ಯವಾರ. ಎದುರು ಕೂತ್ರೆ ನೆನಪಾದೀತು ಅಂತ ಅತ್ತೆಯೇ ಹೇಳಿದ್ದು, ರೆಕಾರ್ಡರ್ ತಕ್ಕೊಂಡು ಬಾ, ಎಲೆ ನಾನೇ ಗುದ್ದುತ್ತೇನೆ ಅಂದ್ರು.