‘ಯುಎಸ್‌ಎಸ್‌ಆರ್ ಇನ್ ಕನ್‌ಸ್ಟ್ರಕ್ಷನ್’ ಡಿಜಿಟಲ್ ಸಂಗ್ರಹ: ಅಚ್ಚು ಉಳಿದಿದೆ, ಪುಟ ತುಂಡಾಗಿದೆ

ಕಲಬುರಗಿಯ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸದ ಕೆಲಸ ಮಾಡುವ ನಾನು ಈ ಸೋವಿಯತ್ ಸಚಿತ್ರ ಮಾಸಪತ್ರಿಕೆಯ ಹೆಸರನ್ನು ಬಹಳ ವರ್ಷಗಳಿಂದ ಕೇಳಿದ್ದರೂ ಅದರ ಒಂದು ಸಂಚಿಕೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಮ್ಯಾಕ್ಸಿಂ ಗಾರ್ಕಿಯವರ ಒತ್ತಾಸೆಯಿಂದ 1930ರಲ್ಲಿ ಹುಟ್ಟಿ, ರಷ್ಯನ್ ಜೊತೆಗೆ ಇಂಗ್ಲಿಷ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲೂ 1941ರವರೆಗೆ ಹೊರಬಂದ ಪತ್ರಿಕೆಯಿದು. ಮೂಲ ಪ್ರತಿಗಳು ಈಗ ವಿರಳವಾಗಿರುವುದರಿಂದ, ವಿದೇಶದ ಗ್ರಂಥಾಲಯವೊಂದು ಉಚಿತವಾಗಿ ತೆರೆದಿಟ್ಟಿರುವ ಡಿಜಿಟಲ್ ಸಂಗ್ರಹವನ್ನು ಎರಡು ವಾರ ಬಿಡುವಾದಾಗಲೆಲ್ಲ ನೋಡಿದೆ.

ಸ್ಕ್ಯಾನ್ ಮಾಡಿದವರು ಅಚ್ಚಿನ ಮರ್ಮ ಬಲ್ಲವರು. ಪತ್ರಿಕೆ ರೋಟೋಗ್ರಾವ್ಯೂರ್ ವಿಧಾನದಲ್ಲಿ, ಅಂದರೆ ಲೋಹದ ಉರುಳೆಯಲ್ಲಿ ಕೊರೆದ ಸಣ್ಣ ಕುಳಿಗಳಲ್ಲಿ ಶಾಯಿ ತುಂಬಿ ಅಚ್ಚೊತ್ತುವ ಕ್ರಮದಲ್ಲಿ, ಮುದ್ರಿತವಾದದ್ದು; ಸೋವಿಯತ್ ಕಲಾವಿದ ಎಲ್ ಲಿಸಿಟ್ಸ್ಕಿ ವಿನ್ಯಾಸಗೊಳಿಸಿದ 1932ರ ಡ್ನೀಪರ್ ಅಣೆಕಟ್ಟಿನ ಸಂಚಿಕೆಯಲ್ಲಿ ಚಿತ್ರವನ್ನು ಸಾಕಷ್ಟು ಹಿಗ್ಗಿಸಿದರೂ ಅದು ನಮ್ಮ ಆಫ್‌ಸೆಟ್ ಚಿತ್ರಗಳಂತೆ ಬೇಗನೆ ಚುಕ್ಕಿಗಳಾಗಿ ಒಡೆಯುವುದಿಲ್ಲ, ನೆರಳಿನ ಕಪ್ಪು ಮಖಮಲ್ಲಿನಂತೆ ದಟ್ಟವಾಗಿಯೇ ನಿಲ್ಲುತ್ತದೆ. ಈ ಒಂದು ಗುಣಕ್ಕಾಗಿಯೇ ಸಂಗ್ರಹ ನೋಡತಕ್ಕದ್ದು.

ಆದರೆ ಎದುರುಬದುರು ಪುಟಗಳನ್ನು ಬೇರೆ ಬೇರೆ ಕಡತಗಳಾಗಿ ಕತ್ತರಿಸಿರುವುದು ದೊಡ್ಡ ಲೋಪ. ಇಲ್ಲಿ ಚಿತ್ರ ಎರಡು ಪುಟಗಳಿಗೂ ಹರಡಿಕೊಳ್ಳುತ್ತದೆ, ಕೆಲವೆಡೆ ಮಡಿಕೆ ಬಿಚ್ಚಿದಾಗಲೇ ಪೂರ್ಣವಾಗುತ್ತದೆ. ಸೋವಿಯತ್ ಕಲಾವಿದರಾದ ರೋಡ್‌ಚೆಂಕೊ ಮತ್ತು ಸ್ಟೆಪನೋವಾ ದಂಪತಿ ರೂಪಿಸಿದ 1935ರ ಪ್ಯಾರಾಚೂಟ್ ಸಂಚಿಕೆಯ ಎರಡು ಅರ್ಧಗಳನ್ನು ನಾನೇ ಜೋಡಿಸಿ ಎ3 ಹಾಳೆಯಲ್ಲಿ ತೆಗೆದು ನೋಡಿದರೆ, ಹೊಲಿಗೆಯ ಅಂಚಿನಲ್ಲಿ ಚಿತ್ರದ ಒಂದು ಎಳೆಯೇ ಕಾಣೆಯಾಗಿತ್ತು. ಹುಡುಕುವ ವ್ಯವಸ್ಥೆ ಸಾಧಾರಣ. ವರ್ಷ ಗೊತ್ತಿದ್ದರೆ ಸಾಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಟಿಪ್ಪಣಿಗಳ ಅಭಾವ. 1933ರ ಹನ್ನೆರಡನೆಯ ಸಂಚಿಕೆ ಪೂರ್ತಿಯಾಗಿ ಬಿಳಿಸಮುದ್ರ–ಬಾಲ್ಟಿಕ್ ಕಾಲುವೆಗೆ ಮೀಸಲು. 227 ಕಿಲೋಮೀಟರ್ ಉದ್ದದ ಆ ಕಾಲುವೆಯನ್ನು ಇಪ್ಪತ್ತು ತಿಂಗಳಲ್ಲಿ ತೋಡಿದವರು ಲಕ್ಷಕ್ಕೂ ಹೆಚ್ಚು ಕೈದಿಗಳು. ಅವರಲ್ಲಿ ಸಾವಿರಾರು ಮಂದಿ ಅಲ್ಲಿಯೇ ಸತ್ತರು. ರೋಡ್‌ಚೆಂಕೊ ತೆಗೆದ ಚಿತ್ರಗಳು ಅದನ್ನು ದುಡಿಮೆಯಿಂದ ಮನುಷ್ಯರು ತಿದ್ದಿಕೊಂಡ ಕಥೆಯಾಗಿ ತೋರಿಸುತ್ತವೆ, ಮತ್ತು ಚಿತ್ರಗಳು ಎಷ್ಟು ಚೆನ್ನಾಗಿವೆಯೆಂದರೆ ಹಿನ್ನೆಲೆ ತಿಳಿಯದವರು ನಂಬಿಯೇ ಬಿಡುತ್ತಾರೆ. ಸಂಚಿಕೆಯ ಪಕ್ಕದಲ್ಲಿ ನಾಲ್ಕು ಸಾಲು ಬರೆಯಲು ಗ್ರಂಥಾಲಯಕ್ಕೆ ಕಷ್ಟವೇನಿರಲಿಲ್ಲ.

ನಮ್ಮೂರಿನ ಚಿತ್ರಕಲೆಯ ವಿದ್ಯಾರ್ಥಿಗಳು ಇದನ್ನು ಮೊಬೈಲಿನಲ್ಲಲ್ಲ, ದೊಡ್ಡ ಪರದೆಯಲ್ಲೇ ನೋಡಬೇಕು. ಕಾಲುವೆಯ ಸಂಚಿಕೆಯನ್ನು ಮಾತ್ರ ಅದರ ಚರಿತ್ರೆ ಓದಿಕೊಂಡೇ ತೆರೆಯಬೇಕು.