ವಿಲುಕಪ್, ಇಂಡೆಕ್ಸ್-ಮ್ಯಾಚ್, ಎಕ್ಸ್‌ಲುಕಪ್: ಮಂಡಿ, ಡೇರಿ, ಮುಯ್ಯಿ ಲೆಕ್ಕದಲ್ಲಿ ಯಾವುದು ನಿಂತಿತು?

ಎಕ್ಸೆಲ್‌ನಂಥ ಶೀಟಿನಲ್ಲಿ ಒಂದು ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ಈ ಮೂರು ಫಾರ್ಮುಲಾಗಳಲ್ಲಿ ಎಕ್ಸ್‌ಲುಕಪ್ಪೇ ಒಳ್ಳೆಯದು. ಆದರೂ ಬೇರೆಯವರಿಗೆ ಮಾಡಿಕೊಡುವ ಫೈಲ್‌ನಲ್ಲಿ ನಾನು ಅದನ್ನು ಹಾಕುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಮಂಡ್ಯದಲ್ಲಿ ಒಂದು ಬೆಲ್ಲದ ಮಂಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮೂರ ಡೇರಿಯ ಶೀಟೂ ನನ್ನ ತಲೆಗೇ ಬಿದ್ದಿದೆ. ಇದರ ಜೊತೆಗೆ ಯಾರದಾದರೂ ಮನೆಯಲ್ಲಿ ಮದುವೆ ಮುಗಿದರೆ ಮುಯ್ಯಿ ಪುಸ್ತಕ ಹಿಡಿದುಕೊಂಡು ಬರುತ್ತಾರೆ, "ಇದನ್ನ ಕಂಪ್ಯೂಟರ್‌ಗೆ ಹಾಕಿಕೊಡಪ್ಪ" ಅಂತ. ಹೀಗೆ ಒಂದೇ ಥರದ ಹುಡುಕಾಟವನ್ನು ಮೂರು ಫಾರ್ಮುಲಾದಲ್ಲೂ ಮಾಡಿ ನೋಡುವ ಅವಕಾಶ ಸಿಕ್ಕಿತು.

ಮಂಡಿಯದು ಸುಲಭದ ಕೆಲಸ. ರೈತರ ಕೋಡ್ ಹೊಡೆದರೆ ಪಕ್ಕದಲ್ಲಿ ಹೆಸರು, ಊರು, ಬರಬೇಕಾದ ಬಾಕಿ ಕಾಣಬೇಕು. ವಿಲುಕಪ್ ಇದನ್ನು ಸಲೀಸಾಗಿ ಮಾಡುತ್ತದೆ: ಏನು ಹುಡುಕಬೇಕು, ಯಾವ ಪಟ್ಟಿಯಲ್ಲಿ, ಎಷ್ಟನೇ ಕಾಲಂ, ಕೊನೆಗೆ ಕೊಟ್ಟದ್ದೇ ಸಿಗಬೇಕು ಅಂತ ಹೇಳಲು ಒಂದು ಸೊನ್ನೆ. ಅರ್ಧ ಗಂಟೆಯಲ್ಲಿ ಯಾರಿಗೆ ಬೇಕಾದರೂ ಹೇಳಿಕೊಡಬಹುದು. ತೊಂದರೆ ಇರುವುದು ಆ "ಎಷ್ಟನೇ ಕಾಲಂ" ಅನ್ನುವುದರಲ್ಲಿ. ಬಾಕಿ ನಾಲ್ಕನೇ ಕಾಲಂನಲ್ಲಿದೆ ಅಂತ 4 ಬರೆದಿರುತ್ತೀರಿ, ಯಜಮಾನರು ಬಂದು ಹೆಸರಿನ ಪಕ್ಕ ಫೋನ್ ನಂಬರಿಗೊಂದು ಕಾಲಂ ಸೇರಿಸಿ ಅನ್ನುತ್ತಾರೆ, ಸೇರಿಸಿದ ತಕ್ಷಣ ಬಾಕಿ ಐದಕ್ಕೆ ಹೋಗುತ್ತದೆ, ಫಾರ್ಮುಲಾ ಮಾತ್ರ 4 ಹಿಡಿದುಕೊಂಡೇ ಕೂತಿರುತ್ತದೆ, ಬಾಕಿಯ ಜಾಗದಲ್ಲಿ ಊರಿನ ಹೆಸರು ಬರುತ್ತದೆ. ಊರಿನ ಹೆಸರು ಬಂದರೆ ಪುಣ್ಯ, ಕಣ್ಣಿಗೆ ಬೀಳುತ್ತದೆ. ಅಲ್ಲಿ ಇನ್ನೊಂದು ಮೊತ್ತ ಬಂದು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ.

ಇಂಡೆಕ್ಸ್-ಮ್ಯಾಚ್‌ನಲ್ಲಿ ಈ ಕಾಟ ಇಲ್ಲ. ಕೋಡ್ ಎಷ್ಟನೇ ಸಾಲಿನಲ್ಲಿದೆ ಅಂತ ಮ್ಯಾಚ್ ಹೇಳುತ್ತದೆ, ಆ ಸಾಲಿನ ಬಾಕಿಯನ್ನು ಇಂಡೆಕ್ಸ್ ತಂದುಕೊಡುತ್ತದೆ. ಎರಡೂ ಕಾಲಂಗಳನ್ನು ಬೇರೆ ಬೇರೆ ತೋರಿಸಿರುವುದರಿಂದ ನಡುವೆ ಏನು ಸೇರಿಸಿದರೂ ಸರಿಹೋಗುತ್ತದೆ. ಎಡಕ್ಕೂ ಹುಡುಕುತ್ತದೆ. ಫೋನ್ ನಂಬರ್ ಕೊಟ್ಟು ಅದರ ಎಡಗಡೆಯ ಕೋಡ್ ತೆಗೆಯುವುದು ವಿಲುಕಪ್‌ಗೆ ಆಗದ ಕೆಲಸ, ಅದು ಬಲಕ್ಕೆ ಮಾತ್ರ ಹೋಗುತ್ತದೆ. ಒಂದೇ ಕಷ್ಟ ಅಂದರೆ ಫಾರ್ಮುಲಾ ನೋಡಿದರೆ ಜನ ಹೆದರುತ್ತಾರೆ.

ಎಕ್ಸ್‌ಲುಕಪ್‌ನಲ್ಲಿ ಇದೆಲ್ಲ ಒಂದೇ ಫಾರ್ಮುಲಾದಲ್ಲಿ ಮುಗಿಯುತ್ತದೆ. ಕೊನೆಯ ಸೊನ್ನೆ ಮರೆತರೂ ಚಿಂತೆಯಿಲ್ಲ, ನೀವೇನೂ ಹೇಳದಿದ್ದರೆ ಅದು ಸರಿಯಾದ ಹೊಂದಿಕೆಯನ್ನೇ ಹುಡುಕುತ್ತದೆ. ವಿಲುಕಪ್ ತದ್ವಿರುದ್ಧ, ಸೊನ್ನೆ ಬಿಟ್ಟರೆ ಅಂದಾಜಿನ ಹೊಂದಿಕೆಗೆ ಹೋಗಿಬಿಡುತ್ತದೆ, ಅಂದರೆ ಕೊಟ್ಟದ್ದು ಸಿಗದಿದ್ದರೆ ಅದಕ್ಕಿಂತ ಕೆಳಗಿನ ಹತ್ತಿರದ್ದನ್ನು ಹಿಡಿಯುತ್ತದೆ. ಸಿಗದಿದ್ದರೆ ಏನು ತೋರಿಸಬೇಕು ಅನ್ನುವುದನ್ನೂ ಎಕ್ಸ್‌ಲುಕಪ್ ಒಳಗೇ ಬರೆಯಬಹುದು. ಉಳಿದ ಎರಡಕ್ಕೆ, ಎರರ್ ಬಂದರೆ ಅದರ ಬದಲು ನಾವು ಹೇಳಿದ್ದನ್ನು ತೋರಿಸುವ ಇಫ್‌ಎರರ್ ಸುತ್ತಬೇಕು. ಅದು ಫಾರ್ಮುಲಾ ಬರೆಯುವಾಗಿನ ನಮ್ಮ ಟೈಪಿಂಗ್ ತಪ್ಪನ್ನೂ ಮುಚ್ಚಿಹಾಕುತ್ತದೆ, ಹಾಗಾಗಿ ಹುಡುಕಿದ್ದು ಸಿಗದಾಗ ಬರುವ ಎನ್‌ಎ ಎರರನ್ನು ಮಾತ್ರ ಹಿಡಿಯುವ ಇಫ್‌ಎನ್‌ಎ ವಾಸಿ. ನನಗೆ ತುಂಬಾ ಇಷ್ಟವಾಗಿದ್ದು ಕೆಳಗಿನಿಂದ ಮೇಲಕ್ಕೆ ಹುಡುಕುವ ಸೌಲಭ್ಯ. ದಿನದ ಖರೀದಿಯನ್ನು ಕೆಳಗೆ ಕೆಳಗೆ ಸೇರಿಸುತ್ತಾ ಹೋಗುತ್ತೇವೆ ಅಲ್ವಾ, ಅಚ್ಚು ಬೆಲ್ಲಕ್ಕೆ ಕೊನೆಯ ಸಲ ಕೊಟ್ಟ ರೇಟು ಎಷ್ಟು ಅನ್ನುವುದು ಫಾರ್ಮುಲಾದ ಕೊನೆಯಲ್ಲಿ -1 ಅಂತ ಬರೆದರೆ ಸಿಗುತ್ತದೆ. ವಿಲುಕಪ್ ಮೇಲಿನ ಮೊದಲ ರೇಟನ್ನೇ ತಂದು ಇಡುತ್ತದೆ, ಅದು ಎಷ್ಟೇ ಹಳೆಯದಾಗಿರಲಿ.

ಹಾಗಂತ ವಿಲುಕಪ್‌ನ ಆ ಅಂದಾಜಿನ ಹುಡುಕಾಟವನ್ನು ಬೈಯುವ ಹಾಗಿಲ್ಲ. ಲಾರಿ ಬಾಡಿಗೆಯ ಸ್ಲ್ಯಾಬಿಗೆ ಬೇಕಾಗಿರುವುದು ಅದೇ. 0, 10, 25, 50 ಕಿಲೋಮೀಟರ್ ಅಂತ ಏರಿಕೆಯ ಕ್ರಮದಲ್ಲಿ ಬರೆದರೆ ಮದ್ದೂರಿನ ಲೋಡು 10ರ ಸಾಲಿಗೂ ಮೈಸೂರಿನದು 25ರ ಸಾಲಿಗೂ ತಾನೇ ಹೋಗುತ್ತದೆ. ಇಫ್ ಮೇಲೆ ಇಫ್ ಪೇರಿಸುವುದಕ್ಕಿಂತ ಸಾವಿರ ಪಾಲು ಮೇಲು. ಪಟ್ಟಿ ಏರಿಕೆಯಲ್ಲಿ ಇರಲೇಬೇಕು, ಅಷ್ಟೇ. ಎಕ್ಸ್‌ಲುಕಪ್‌ಗೆ ಆ ಷರತ್ತೂ ಇಲ್ಲ.

ಡೇರಿಯಲ್ಲಿ ಮಾತ್ರ ಇಂಡೆಕ್ಸ್-ಮ್ಯಾಚ್‌ಗೇ ನನ್ನ ಓಟು. ಹಾಲಿನ ದರಪಟ್ಟಿ ಎರಡು ದಿಕ್ಕಿನದು: ಮೇಲಿಂದ ಕೆಳಕ್ಕೆ ಫ್ಯಾಟ್, ಎಡದಿಂದ ಬಲಕ್ಕೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ). ಒಂದು ಮ್ಯಾಚ್ 3.5ರ ಸಾಲು ಹುಡುಕುತ್ತದೆ, ಇನ್ನೊಂದು 8.5ರ ಕಾಲಂ, ಎರಡೂ ಸೇರುವ ಮನೆಯ (ಸೆಲ್‌ನ) ರೇಟನ್ನು ಇಂಡೆಕ್ಸ್ ಕೊಡುತ್ತದೆ. ಎಕ್ಸ್‌ಲುಕಪ್ ಒಳಗೆ ಇನ್ನೊಂದು ಎಕ್ಸ್‌ಲುಕಪ್ ಹಾಕಿಯೂ ಮಾಡಬಹುದು, ಆದರೆ ಓದುವಾಗ ತಲೆ ತಿರುಗುತ್ತದೆ. ಇಲ್ಲಿ ಒಂದು ಹುಷಾರು ಬೇಕು. ಫ್ಯಾಟ್ ಕಾಲಂನಲ್ಲಿ ಮೇಲಿನ ಮನೆಗೆ 0.1 ಕೂಡಿಸುತ್ತಾ ಎಳೆದಿದ್ದರೆ ಕಣ್ಣಿಗೆ 3.6 ಕಂಡರೂ ಒಳಗೆ ಅದು ಕೂದಲೆಳೆಯಷ್ಟು ಆಚೀಚೆ ಇರಬಹುದು. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಸರಿಯಾದ ಹೊಂದಿಕೆ ಕೇಳಿದ್ದರೆ ಎನ್‌ಎ ಎರರ್ ಬಂದು ನಿಮಗೆ ಗೊತ್ತಾಗುತ್ತದೆ. ಅಂದಾಜಿನದು ಕೇಳಿದ್ದರೆ ಸುಮ್ನೆ ಒಂದು ಮೆಟ್ಟಿಲು ಕೆಳಗಿನ ರೇಟು ಕೊಟ್ಟುಬಿಡಬಹುದು, ಹಾಲು ಹಾಕಿದವರ ದುಡ್ಡು ಹೋಗುತ್ತದೆ. ದರಪಟ್ಟಿಯಲ್ಲೂ ಹುಡುಕುವ ಅಂಕಿಯಲ್ಲೂ ರೌಂಡ್ ಹಾಕಿ ಒಂದು ದಶಮಾಂಶಕ್ಕೆ ನಿಲ್ಲಿಸಿ.

ಈಗ ಎಕ್ಸ್‌ಲುಕಪ್ ಯಾಕೆ ಹಂಚುವುದಿಲ್ಲ ಅನ್ನುವುದು. ಎಕ್ಸೆಲ್ 2016 ಮತ್ತು 2019ರಲ್ಲಿ ಅದು ಇಲ್ಲವೇ ಇಲ್ಲ. 2021ರಲ್ಲಿ ಮತ್ತು ಮೈಕ್ರೋಸಾಫ್ಟ್ 365ರಲ್ಲಿ ಇದೆ. ಗೂಗಲ್ ಶೀಟ್ಸ್‌ಗೆ 2022ರಲ್ಲಿ ಬಂತು, ಲಿಬ್ರೆಆಫೀಸ್‌ಗೆ 2024ರ 24.8 ಆವೃತ್ತಿಯಲ್ಲಿ. ಹಳೆಯ ಎಕ್ಸೆಲ್‌ನಲ್ಲಿ ಫೈಲ್ ತೆರೆದಾಗ ಮೊದಲಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಳೆಯ ಉತ್ತರ ಹಾಗೇ ಇರುತ್ತದೆ. ಫಾರ್ಮುಲಾ ಮತ್ತೆ ಲೆಕ್ಕ ಹಾಕಿದ ಕ್ಷಣ ನೇಮ್ ಎರರ್, ಅಂದರೆ ಈ ಹೆಸರಿನ ಫಾರ್ಮುಲಾ ಗೊತ್ತಿಲ್ಲ ಅಂತ. ಆಡಿಟರ್ ಆಫೀಸಿನಲ್ಲಿ ಯಾವ ಆವೃತ್ತಿ ಇದೆಯೋ ಯಾರಿಗೆ ಗೊತ್ತು? ಹಾಗಾಗಿ ಮೊಬೈಲ್‌ನಲ್ಲಿ ನಾನೊಬ್ಬನೇ ನೋಡುವ ಗೂಗಲ್ ಶೀಟಿಗೆ ಎಕ್ಸ್‌ಲುಕಪ್, ಪೆನ್‌ಡ್ರೈವ್‌ನಲ್ಲಿ ಊರು ಸುತ್ತುವ ಫೈಲಿಗೆ ಇಂಡೆಕ್ಸ್-ಮ್ಯಾಚ್.

ಮುಯ್ಯಿ ಪಟ್ಟಿಯಲ್ಲಿ ಮೂರೂ ಸೋಲುತ್ತವೆ. ಒಬ್ಬರೇ ಚಪ್ಪರದ ದಿನವೂ ಬರೆಸಿರುತ್ತಾರೆ, ಧಾರೆಯ ದಿನವೂ ಬರೆಸಿರುತ್ತಾರೆ. ಲುಕಪ್ ಒಂದನ್ನು ತೋರಿಸಿ ನಿಂತುಬಿಡುತ್ತದೆ, ನೀವು ಅವರ ಮನೆ ಮದುವೆಯಲ್ಲಿ ಅರ್ಧ ಮುಯ್ಯಿ ತೀರಿಸಿ ಮಾತು ಕೇಳಬೇಕಾಗುತ್ತದೆ. ಇಲ್ಲಿ ಬೇಕಾದದ್ದು ಸಮ್‌ಇಫ್ಸ್. ಹೆಸರು, ಊರು ಎರಡೂ ಹೊಂದಿದ ಸಾಲುಗಳನ್ನೆಲ್ಲ ಕೂಡಿ ಕೊಡುತ್ತದೆ. ಸಿಗದಿದ್ದರೆ ಎರರ್ ಬದಲು ಸೊನ್ನೆ ತೋರಿಸುತ್ತದೆ ಅನ್ನುವುದು ನೆನಪಿರಲಿ, "ಅವರು ಏನೂ ಹಾಕಿಲ್ಲ" ಅಂದುಕೊಳ್ಳಬೇಡಿ, ಕಾಗುಣಿತ ತಪ್ಪಿರಬಹುದು. ಹಳೆಯ ಪಟ್ಟಿಯನ್ನು ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಹೊಸದನ್ನು ಯೂನಿಕೋಡ್‌ನಲ್ಲಿ ಮಾಡಿದ್ದರೆ ಶಿವಣ್ಣ ಅಂತ ಎರಡೂ ಕಡೆ ಓದಲು ಬಂದರೂ ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಅಕ್ಷರಗಳು, ಯಾವ ಫಾರ್ಮುಲಾನೂ ಹೊಂದಿಸುವುದಿಲ್ಲ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಒಂದೇ ಊರಲ್ಲಿ ಇಬ್ಬರು ಶಿವಣ್ಣ ಇದ್ದರೆ ಫೋನ್ ನಂಬರೇ ಗತಿ. ಅದರಲ್ಲೂ ಒಂದು ಪಟ್ಟಿಯಲ್ಲಿ ನಂಬರ್ ಅಂಕಿಯಾಗಿಯೂ ಇನ್ನೊಂದರಲ್ಲಿ ಪಠ್ಯವಾಗಿಯೂ ಇದ್ದರೆ ಲುಕಪ್‌ಗೆ ಸಿಗುವುದಿಲ್ಲ. ಎರಡೂ ಪಟ್ಟಿಯ ನಂಬರನ್ನು ಪಕ್ಕದ ಕಾಲಂನಲ್ಲಿ ಟೆಕ್ಸ್ಟ್ ಫಾರ್ಮುಲಾದಿಂದ ಪಠ್ಯ ಮಾಡಿಕೊಂಡು, ಆ ಕಾಲಂನಲ್ಲಿ ಹುಡುಕಿಸಿ.